ಅಡಿಕೆ ತೋಟದ ನಡುವೆ ಎಂಜಿನಿಯರಿಂಗ್

ಮಂಗಳೂರಿನಿಂದ ಮಡಿಕೇರಿಗೆ ಹೊರಟ ಬಸ್ಸು ಮಾಣಿಯಲ್ಲಿ ಬೆಂಗಳೂರಿನ ದಾರಿ ಬಿಟ್ಟು ಬಲಕ್ಕೆ ಹೊರಳುತ್ತದೆ. ಅಲ್ಲಿಂದ ಪುತ್ತೂರು, ಮುಂದೆ ಸುಳ್ಯ, ಆಮೇಲೆ ಸಂಪಾಜೆಯ ಘಟ್ಟ. ದಾರಿಯುದ್ದಕ್ಕೂ ಅಡಿಕೆ ತೋಟ, ರಬ್ಬರ್ ಗುಡ್ಡ. ಪುತ್ತೂರು ಪೇಟೆ ಸೇರುವ ಮೊದಲೇ ನೆಹರೂನಗರ ಸಿಗುತ್ತದೆ. 2001ರಲ್ಲಿ ಆರಂಭವಾದ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜು ಇರುವುದು ಇಲ್ಲಿ. ಸುಳ್ಯದ ಕುರುಂಜಿಭಾಗಿನಲ್ಲಿ ಅದಕ್ಕಿಂತ ಹಳೆಯ ಕೆ.ವಿ.ಜಿ. ಎಂಜಿನಿಯರಿಂಗ್ ಕಾಲೇಜಿದೆ. ಕುರುಂಜಿ ವೆಂಕಟರಮಣ ಗೌಡರು ಅದನ್ನು ಕಟ್ಟಿದ್ದು 1986ರಲ್ಲಿ.

ಅದಕ್ಕೆ ಮುಂಚೆ ಈ ಸೀಮೆಯ ಹುಡುಗ ಎಂಜಿನಿಯರ್ ಆಗಬೇಕಾದರೆ ಸುರತ್ಕಲ್ಲಿಗೋ ಮಣಿಪಾಲಕ್ಕೋ ಇಲ್ಲವೇ ಘಟ್ಟ ಹತ್ತಿ ಮೈಸೂರು, ಹಾಸನಗಳಿಗೋ ಹೋಗಬೇಕಿತ್ತು. ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳಿಸಲು ಎಷ್ಟೋ ಮನೆಗಳು ಹಿಂಜರಿಯುತ್ತಿದ್ದವು. ಈಗ ಕಾಲೇಜೇ ತೋಟದ ಬದಿಗೆ ಬಂದಿದೆ. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ, ಅದಕ್ಕೆ ಸೇರಿದ ಬೆಂಗಳೂರಿನ ಕಾಲೇಜಿಗೂ ಸುಳ್ಯದ ಕಾಲೇಜಿಗೂ ಪದವಿ ಕೊಡುವ ಕೈ ಒಂದೇ.

ದೂರವೇನೋ ಕಡಿಮೆಯಾಯಿತು, ಮನೆಯವರ ಆತಂಕ ಮಾತ್ರ ಹೆಚ್ಚಿದೆ. ಸಂಪಾಜೆ, ಅರಂತೋಡು ಕಡೆ ಅಡಿಕೆಗೆ ಹಳದಿ ಎಲೆ ರೋಗ ಬಡಿದು ತೋಟಗಳೇ ಸೊರಗಿವೆ. ತೋಟ ಕೈಕೊಟ್ಟ ಮನೆಗೆ ಮಗಳ ಎಂಜಿನಿಯರಿಂಗ್ ಸೀಟೇ ಮುಂದಿನ ಫಸಲು. ಹಾಗಾಗಿ ಪಾಲಕರು ನನ್ನಂಥ ಮೇಷ್ಟ್ರುಗಳನ್ನು ಕೇಳುವುದು ಒಂದೇ ಪ್ರಶ್ನೆ: ‘ಕಂಪ್ಯೂಟರ್ ಸಯನ್ಸ್ ಸಿಗುತ್ತದಾ ಸಾರ್?’

ಸಿಗಬಹುದು. ಆದರೆ ಅದರೊಳಗೆ ಏನಿದೆಯೆಂದು ಮೊದಲು ತಿಳಿಯಬೇಕಲ್ಲ! ಕಂಪ್ಯೂಟರನ್ನು ಬಳಸಲು ಬರುವುದು ಬೇರೆ, ಅದರ ವಿಜ್ಞಾನ ಬೇರೆ. ಸಹಕಾರಿ ಸಂಘದ ಪುಸ್ತಕದಲ್ಲಿ ಸಾವಿರ ಸದಸ್ಯರ ಹೆಸರು ಅಕಾರಾದಿಯಾಗಿ ಇದೆಯೆನ್ನಿ. ಮೊದಲಿನಿಂದ ಓದುತ್ತ ಹೋದರೆ ಒಂದು ಹೆಸರಿಗಾಗಿ ಸಾವಿರವನ್ನೂ ನೋಡಬೇಕಾದೀತು. ನಟ್ಟನಡುವೆ ತೆರೆದು, ಬೇಕಾದ ಹೆಸರು ಹಿಂದಿದೆಯೋ ಮುಂದಿದೆಯೋ ನೋಡಿ, ಬೇಡದ ಅರ್ಧವನ್ನು ಬಿಟ್ಟುಬಿಡಿ. ಉಳಿದ ಅರ್ಧದಲ್ಲೂ ಹಾಗೆಯೇ ಮಾಡಿ. ಹತ್ತು ಸಲದೊಳಗೆ ಹೆಸರು ಸಿಗುತ್ತದೆ. ಹತ್ತು ಲಕ್ಷ ಹೆಸರಿದ್ದರೂ ಇಪ್ಪತ್ತು ಸಲ ಸಾಕು. ಎಷ್ಟು ಸಲ ಎಂದು ಹೇಳುವ ಗಣಿತವೇ ಲಾಗರಿದಮ್. ಪರೀಕ್ಷೆ ಮುಗಿದ ಕೂಡಲೇ ನಮ್ಮ ಮಕ್ಕಳು ಮರೆಯುವ ಪಾಠವೂ ಅದೇ!

ಎಂಜಿನಿಯರಿಂಗ್ ಪ್ರವೇಶಕ್ಕೆ ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಕಡ್ಡಾಯ. ಸಿಇಟಿ ರ್‍ಯಾಂಕಿಗೆ ಪಿಯುಸಿಯ ಆ ಅಂಕಗಳೂ ಅರ್ಧದಷ್ಟು ಸೇರುತ್ತವೆ. ನಿಯಮದ ಹಿಂದೆ ಕಾರಣವಿದೆ: ನಾಲ್ಕು ವರ್ಷಗಳ ಓದು ನಿಂತಿರುವುದೇ ಈ ಎರಡು ಕಂಬಗಳ ಮೇಲೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಪಾಠ ಕೆಲವು ತಿಂಗಳು ಕಷ್ಟವೆನಿಸುತ್ತದೆ, ಪ್ರಯತ್ನಪಟ್ಟರೆ ನೀಗುತ್ತದೆ. ಗಣಿತದ ಬುಡ ಸಡಿಲವಿದ್ದರೆ ಮಾತ್ರ ಮೊದಲ ಸೆಮಿಸ್ಟರಿನಲ್ಲೇ ಬಾಕಿ ಉಳಿದು, ಮುಂದಿನದರ ಮೇಲೆ ಹೊರೆಯಾಗಿ ಕೂರುತ್ತದೆ.

ಇನ್ನು ಬ್ರಾಂಚಿನ ಮಾತು. ಎಲ್ಲರೂ ಕಂಪ್ಯೂಟರಿನತ್ತ ಓಡುವಾಗ ನಮ್ಮ ಊರನ್ನೇ ಒಮ್ಮೆ ನೋಡೋಣ. 2018ರ ಆಗಸ್ಟಿನಲ್ಲಿ ಸಂಪಾಜೆಯಾಚೆ ಜೋಡುಪಾಲದಲ್ಲಿ ಗುಡ್ಡ ಜರಿದು ಮಡಿಕೇರಿಯ ರಸ್ತೆಯೇ ಮುಚ್ಚಿಹೋಯಿತು. ಇಳಿಜಾರಿನ ಮಣ್ಣು, ಅದರೊಳಗೆ ಇಂಗುವ ನೀರು, ರಸ್ತೆಗಾಗಿ ಗುಡ್ಡ ಕಡಿಯುವ ಕೋನ ಇವೆಲ್ಲ ಸಿವಿಲ್ ಎಂಜಿನಿಯರಿಂಗಿನ ಪಾಠಗಳು. ಸುಳ್ಯದಲ್ಲಿ ಕಾಲೇಜು ಹುಟ್ಟಿದ 1986ರಲ್ಲೇ ಪುತ್ತೂರಿನಲ್ಲಿ ಕ್ಯಾಂಪ್ಕೋದ ಚಾಕಲೇಟ್ ಕಾರ್ಖಾನೆ ಶುರುವಾಯಿತು. ಕೊಕ್ಕೋ ಹುರಿದು, ಅರೆದು, ಅಚ್ಚಿಗೆ ಹಾಕುವ ಯಂತ್ರಗಳಿಗೆ ಮೆಕ್ಯಾನಿಕಲ್, ಇಲೆಕ್ಟ್ರಿಕಲ್ ಬಲ್ಲವರೇ ಬೇಕು. ಮಗುವಿಗೆ ಯಾವುದರಲ್ಲಿ ಕೈಯೂ ಮನಸ್ಸೂ ಓಡುತ್ತದೆ ಎಂಬುದನ್ನು ಕೇಳಿ ತಿಳಿಯುವುದು ಮನೆಯವರ ಕೆಲಸ.

ಕಡಬದ ಮಕ್ಕಳಿಗೆ ಇನ್ನೂ ಒಂದು ಲೆಕ್ಕವಿದೆ. ಪುತ್ತೂರು, ಸುಳ್ಯ ತಾಲೂಕುಗಳ ಗ್ರಾಮಗಳನ್ನು ಸೇರಿಸಿ ಮಾಡಿದ ಈ ಹೊಸ ತಾಲೂಕಿನಲ್ಲಿ ಕುಮಾರಧಾರೆ ಹರಿಯುತ್ತದೆ, ಮಳೆಯೂ ಧಾರಾಳ. ಒಳಗಿನ ಹಳ್ಳಿಯಿಂದ ಪುತ್ತೂರಿಗೋ ಸುಳ್ಯಕ್ಕೋ ಹೋಗಿಬರಲು ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲೇ ಕಳೆದರೆ ವಾರದ ಆರು ದಿನಕ್ಕೆ ಹದಿನೆಂಟು ಗಂಟೆ. ಹಾಸ್ಟೆಲಿನ ಖರ್ಚನ್ನು ತೂಗುವಾಗ ಈ ಹದಿನೆಂಟು ಗಂಟೆಯನ್ನೂ ತಕ್ಕಡಿಗೆ ಹಾಕಿ.

ಎಸ್ಸೆಸ್ಸೆಲ್ಸಿ ಮುಗಿಸಿ ಡಿಪ್ಲೊಮಾ ಮಾಡಿದವರು ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ ಸೇರುವ ದಾರಿಯೂ ಇದೆ. ಯಂತ್ರದ ಮುಂದೆ ನಿಂತು ಕಲಿಯುವ ಮಕ್ಕಳಿಗೆ ಅದು ಒಳ್ಳೆಯ ದಾರಿ. ಯಾವ ದಾರಿಯಾದರೂ ಸೀಟು ಸಿಕ್ಕಿದ ದಿನ ಮನೆಯಲ್ಲಿ ಪಾಯಸ ಮಾಡಿ. ತರಗತಿ ಶುರುವಾಗಲು ಉಳಿದ ದಿನಗಳಲ್ಲಿ ಹಳೆಯ ಗಣಿತದ ಪುಸ್ತಕವನ್ನು ಮೊದಲ ಪುಟದಿಂದ ಮತ್ತೊಮ್ಮೆ ತೆರೆಸಿ.