ಅಕ್ಕನ ಮನೆಯ ಮುದಿ ಹೇಂಟೆ

ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ಮುಗಿಸಿ, ಮೊಮ್ಮಗಳ ಜೊತೆ ಆಗುಂಬೆ ಕಡೆಯ ಬಸ್ಸು ಹತ್ತಿದೆ. ಮೇಗರವಳ್ಳಿ ದಾಟಿ ಇಳಿದು, ಅಡಿಕೆ ತೋಟದ ಅಂಚಿನಲ್ಲಿ ಅರ್ಧ ಗಂಟೆ ನಡೆದರೆ ನನ್ನ ಅಕ್ಕನ ಮನೆ. ಅಂಗಳದಲ್ಲಿ ಮೊದಲು ಎದುರಾದದ್ದು ಅಕ್ಕನಲ್ಲ, ಅರ್ಧ ಪುಕ್ಕ ಉದುರಿದ ಒಂದು ಬೂದು ಹೇಂಟೆ.

“ಇದಕ್ಕೆ ಕಾಯಿಲೆಯಾ ಅಜ್ಜ?”

ಒಳಗಿನಿಂದ ಬಂದ ಅಕ್ಕ ನಕ್ಕಳು. “ಕಾಯಿಲೆ ಅಲ್ಲ ಮಗಾ, ಹಳೇ ಪುಕ್ಕ ಬಿಟ್ಟು ಹೊಸದು ತರ್ತಿದೆ. ಹರೇದವು ಆಗಲೇ ಮುಗಿಸಿದ್ವು. ಬೂದಿಗೆ ಎಂಟು ವರ್ಷ ಆತು, ಎಲ್ಲ ನಿಧಾನ.”

ವಯಸ್ಸು ಹೇಗೆ ಗೊತ್ತು? ಒಂದೊಂದು ವರ್ಷದ ಕೋಳಿಗೆ ಒಂದೊಂದು ಬಣ್ಣದ ಪ್ಲಾಸ್ಟಿಕ್ ಬಳೆ. ಬೂದಿಯ ಕಾಲಿನ ಕೆಂಪು ಬಳೆ ಈಗ ಮಾಸಿ ಕಿತ್ತಳೆಯಾಗಿದೆ.

ಕಾಡುಬೆಕ್ಕು, ಮುಂಗುಸಿ, ಗಿಡುಗ, ರೋಗ ಇವುಗಳಿಂದ ತಪ್ಪಿಸಿಕೊಂಡರೆ ಹಿತ್ತಲ ಕೋಳಿ 5ರಿಂದ 8 ವರ್ಷ ಬದುಕುತ್ತದೆ. ಅಪರೂಪಕ್ಕೆ ಇನ್ನೂ ಹೆಚ್ಚು. ಅಮೆರಿಕದ ಮಿಷಿಗನ್‌ನಲ್ಲಿ ಪೀನಟ್ ಎಂಬ ಹೇಂಟೆ 20 ವರ್ಷ ದಾಟಿ ಗಿನ್ನೆಸ್ ದಾಖಲೆ ಸೇರಿತ್ತು. ನಮ್ಮಲ್ಲಿ ಅಷ್ಟು ಕಾಲ ಯಾರು ಬಿಡುತ್ತಾರೆ! ಮೊಟ್ಟೆ ಹೆಚ್ಚಾಗಿ ಸಿಗುವುದು ಮೊದಲ 2 ವರ್ಷ; ಆಮೇಲೆ ವರ್ಷ ವರ್ಷಕ್ಕೂ ಇಳಿಯುತ್ತದೆ, ಕೋಳಿ ಸಾರಿನ ಪಾತ್ರೆಗೆ ಇಳಿಯುತ್ತದೆ. ಅಕ್ಕನ ಮನೆಯಲ್ಲೂ ಅದೇ ಪದ್ಧತಿ. ಮೊಮ್ಮಗಳಿಂದ ನಾನು ಅದನ್ನು ಮುಚ್ಚಿಡಲಿಲ್ಲ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಕ್ಕ ಒಂದು ಎಳೆ ಹೇಂಟೆ ಹಿಡಿದು, ಬಾಲದ ಕೆಳಗಿನ ಎರಡು ಮೂಳೆಗಳ ನಡುವೆ ಅವಳ ಬೆರಳು ಇಡಿಸಿದಳು. ಎರಡು ಬೆರಳು ಸಲೀಸಾಗಿ ಹಿಡಿಸಿತು. ಅದು ಮೊಟ್ಟೆಯಿಡುವ ಕೋಳಿ. ಬೂದಿಗೆ ಒಂದೇ ಬೆರಳು.

“ಮತ್ತೆ ಬೂದಿಯನ್ನು ಯಾಕೆ ಇಟ್ಕೊಂಡಿದೀರಿ ದೊಡ್ಡಜ್ಜಿ?”

“ಮೊಟ್ಟೆ ಇಡದಿದ್ರೂ ಕಾವಿಗೆ ಕೂರ್ತಾಳಲ್ಲ! ಹೋದ ಬೇಸಿಗೇಲಿ ಬೇರೆಯವುಗಳ ಒಂಬತ್ತು ಹೂಮರಿ ಸಾಕಿದಳು. ಗಿಡುಗನ ಮೇಲೇ ಹಾರಿದ್ದಳು.”

ಮುದಿ ಕೋಳಿಯ ಆರೈಕೆ ದೊಡ್ಡ ಕೆಲಸವೇನಲ್ಲ, ಆದರೆ ಗಮನ ಬೇಕು. ಒಡ್ಡಿಯೊಳಗೆ ಬೂದಿಗೆಂದು ಅಕ್ಕ ಗೇಣೆತ್ತರದಲ್ಲಿ ಒಂದು ಅಡ್ಡಗೋಲು ಕಟ್ಟಿದ್ದಾಳೆ. ಎತ್ತರದಿಂದ ಧುಮುಕಿದರೆ ಕಾಲು ನೋಯುತ್ತದೆ. ಎಳೆಯವು ಕುಕ್ಕಿ ಓಡಿಸುವುದರಿಂದ ನೆನೆಸಿದ ನುಚ್ಚು ಬೇರೆ ಚಿಪ್ಪಿನಲ್ಲಿ. ಸೆಖೆಗೆ ನೆರಳು, ಮಳೆಗಾಲಕ್ಕೆ ಒಣ ಹುಲ್ಲು.

ಸಂಜೆ ಒಡ್ಡಿ ಮುಚ್ಚುವಾಗ ಎಣಿಸಿದೆವು. ಹದಿಮೂರು. ಬಹುಪಾಲು ಹಳೇ ಬಣ್ಣದ ಬಳೆಗಳೇ.

“ಈ ವರ್ಷ ಮೊಟ್ಟೆ ಕಾವಿಗೆ ಇಡಲ್ಲ,” ಎಂದಳು ಅಕ್ಕ, ಮಂಡಿ ಹಿಡಿದು ಏಳುತ್ತಾ. “ಹೊಸ ಮರಿ ಅಂದ್ರೆ ಮತ್ತೆ ಆರೇಳು ವರ್ಷದ ಮಾತು. ನನಗೆ ಎಪ್ಪತ್ತನಾಲ್ಕು.”

ನನಗೆ ಉತ್ತರ ಹೊಳೆಯಲಿಲ್ಲ. ಬೂದಿ ಒಡ್ಡಿಯ ಬಾಗಿಲಲ್ಲಿ ಕಾಯುತ್ತಿತ್ತು. ಮೊಮ್ಮಗಳು ಅದನ್ನು ಎತ್ತಿ ಕೋಲಿನ ಮೇಲೆ ಕೂರಿಸಿದಳು.

“ಬೇಸಿಗೆಗೆ ನಾನು ಬಂದರೆ?”

ಅಕ್ಕ ಅವಳನ್ನೇ ನೋಡಿದಳು. “ಮರಿ ಹೊರಬರಕ್ಕೆ ಇಪ್ಪತ್ತೊಂದು ದಿನ ಬೇಕು. ನಿನ್ನ ರಜೆ ಎಷ್ಟು ದಿನ?”