ಜೇಡದ ಪೊರೆ

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಅತಿಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ದನಕರುಗಳೂ ಆಳುಕಾಳುಗಳೂ ಇದ್ದ ಕಾಲದ ಗೃಹಸ್ಥನನ್ನು ಎದುರಿಗಿಟ್ಟುಕೊಂಡು ಇವನ್ನು ವಿವರಿಸುವುದು ನಮ್ಮಲ್ಲಿ ರೂಢಿ. ಕೊಟ್ಟಿಗೆಯೇ ಇಲ್ಲದ ಇಂದಿನ ಮನೆಗಳಲ್ಲಿ ಇವುಗಳ ಪ್ರಸಕ್ತಿಯಿಲ್ಲವೆಂದು ಭಾವಿಸುವವರೂ ಉಂಟು. ಆದರೆ ಮೊದಲನೆಯ ಅತಿಚಾರವೂ ಕಡೆಯ ಅತಿಚಾರವೂ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಎದುರುಬದುರಾಗಿ ನಿಂತುದನ್ನು ನಾನು ಕಳೆದ ವರ್ಷ ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಯಲ್ಲಿ ಕಂಡೆ. ಪೆಟ್ಟಿಗೆಯೊಳಗೆ ಇದ್ದದ್ದು ಅಂಗೈಯಗಲದ ಒಂದು ಜೇಡ.

ಹದಿನಾಲ್ಕು ವರ್ಷದ ಮೊಮ್ಮಗನ ಶಾಲೆಯ ತರಗತಿಯಲ್ಲಿ ಅದು ಆರು ವರ್ಷವಿತ್ತಂತೆ. ಅದನ್ನು ನೋಡಿಕೊಳ್ಳುತ್ತಿದ್ದ ಶಿಕ್ಷಕರು ಬೇರೆ ಊರಿಗೆ ಹೊರಟಾಗ ಅದನ್ನು ವಹಿಸಿಕೊಳ್ಳಲು ಬೇರೆ ಯಾರೂ ಮುಂದೆ ಬರಲಿಲ್ಲ. ಹುಡುಗ ತಂದ. ಟರಂಟುಲ ಎಂಬುದು ಈ ರೋಮಭರಿತ ದೊಡ್ಡ ಜೇಡಗಳ ಕುಲಕ್ಕೆ ಬಂದಿರುವ ಹೆಸರು. ಇಟಲಿಯ ದಕ್ಷಿಣದ ಟರಾಂಟೊ ಪಟ್ಟಣದಿಂದ ಹುಟ್ಟಿದ ಈ ಹೆಸರು ಮೂಲತಃ ಬೇರೊಂದು ಜೇಡದ್ದು. ನಮ್ಮ ಮನೆಗೆ ಬಂದದ್ದು ಚಿಲಿ ದೇಶದ ಗುಲಾಬಿ ಛಾಯೆಯ ಜಾತಿ. ಅಮೆರಿಕೆಯ ಅಂಗಡಿಗಳಲ್ಲಿ ಇದು ಬಹುಕಾಲ ಅಗ್ಗವಾಗಿ ದೊರೆಯುತ್ತಿತ್ತು. ಅಗ್ಗಕ್ಕೆ ಕಾರಣವೆಂದರೆ, ಅವುಗಳಲ್ಲಿ ಬಹುಪಾಲನ್ನು ಚಿಲಿಯ ಒಣಭೂಮಿಯ ಬಿಲಗಳಿಂದಲೇ ಹಿಡಿದು ತರುತ್ತಿದ್ದರು.

ನಮ್ಮ ಗ್ರಂಥಗಳ ಗಣನೆಯಲ್ಲಿ ಜೇಡ ಚತುರಿಂದ್ರಿಯ ಜೀವಿ. ಸ್ಪರ್ಶ, ರಸ, ಗಂಧ, ದೃಷ್ಟಿ ಉಂಟು, ಶ್ರವಣವಿಲ್ಲ. ಇಂದಿನ ಪ್ರಾಣಿಶಾಸ್ತ್ರವೂ ಜೇಡಕ್ಕೆ ಕಿವಿಯೆಂಬ ಅಂಗವಿಲ್ಲವೆನ್ನುತ್ತದೆ. ಗಾಳಿಯ ಕಂಪನವನ್ನು ಅದು ಕಾಲಿನ ಸೂಕ್ಷ್ಮ ರೋಮಗಳಿಂದ ಅರಿಯುತ್ತದೆ, ರುಚಿಯನ್ನೂ ಕಾಲಿನಿಂದಲೇ ತಿಳಿಯುತ್ತದೆ, ಎಂಟು ಕಣ್ಣುಗಳಿದ್ದರೂ ಟರಂಟುಲದ ದೃಷ್ಟಿ ಬಹು ಮಂದ. ಇಂಥ ಹೊಂದಿಕೆಯನ್ನು ಕಂಡೊಡನೆ ಹಿಗ್ಗಿ ಭಾಷಣ ಮಾಡುವುದು ನನಗೆ ಸೇರದು. ಹೊಂದಿಕೆಯಾಗದ ಸಂಗತಿಯೊಂದು ಮುಂದೆ ಬರಲಿದೆ.

ಜೇಡ ಜೀವಂತ ಕೀಟಗಳನ್ನು ತಿನ್ನುತ್ತದೆ. ಸೊಪ್ಪುತರಕಾರಿ ಕೊಟ್ಟು ಅದನ್ನು ಶ್ರಾವಕನನ್ನಾಗಿ ಮಾಡಲು ಬಾರದು. ಆ ದೇಶದಲ್ಲಿ ಇದಕ್ಕಾಗಿಯೇ ಚಿಮ್ಮಂಡೆ ಹುಳುಗಳನ್ನು ಸಾಕಿ ಮಾರುತ್ತಾರೆ. ಸೂರ್ಯಾಸ್ತದ ಮುಂಚೆ ಊಟ ಮುಗಿಸುವ, ಗೆಡ್ಡೆಗೆಣಸು ಮುಟ್ಟದ ಮನೆಯೊಳಗೆ ವಾರಕ್ಕೊಮ್ಮೆ ಹುಳುಗಳ ಪೊಟ್ಟಣ ಬರತೊಡಗಿತು. ಮಗಳು ನನ್ನನ್ನು ಕೇಳಿದಳು: “ಅಪ್ಪಾ, ಹಾಕಿದರೆ ಅದು ಸಾಯುತ್ತದೆ, ಹಾಕದಿದ್ದರೆ ಇದು ಸಾಯುತ್ತದೆ. ಯಾವುದನ್ನು ಬಿಡಲಿ?” ಸತ್ತ ಹುಳುವನ್ನೇ ಕೊಂಡು ತಂದರೆ ದೋಷವಿಲ್ಲವೆಂದು ಅಳಿಯಂದಿರ ಸ್ನೇಹಿತರೊಬ್ಬರು ಸಲಹೆ ಕೊಟ್ಟರು. ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಹಿಂಸೆಯ ದ್ವಾರಗಳೆಂದು ಓದಿದವರು ಈ ಸಲಹೆಯಿಂದ ಸಮಾಧಾನಗೊಳ್ಳಲಾರರು.

ಈ ನಡುವೆ ಜೇಡವೇ ಆಹಾರ ಬಿಟ್ಟಿತು. ಒಂದು ತಿಂಗಳು, ಎರಡು ತಿಂಗಳು. ಈ ಜಾತಿಯ ಪ್ರೌಢ ಜೇಡಗಳು ಅನೇಕ ತಿಂಗಳು ಏನನ್ನೂ ತಿನ್ನದೆ ಬದುಕಬಲ್ಲವು. ‘ಉಪವಾಸ ಮಾಡುತ್ತಿದೆ’ ಎಂದು ಮನೆಯಲ್ಲಿ ಒಂದು ಬಗೆಯ ಹರ್ಷವೇ ಉಂಟಾಯಿತು. ಹಸಿವಿಲ್ಲದವನ ನಿರಾಹಾರ ಅನಶನ ತಪಸ್ಸಲ್ಲವೆಂದು ನಾನು ಹೇಳಬೇಕಾಯಿತು. ಅದು ಪೊರೆ ಬಿಡುವ ಸಿದ್ಧತೆಯಾಗಿತ್ತು.

ಪೊರೆ ಬಿಡುವ ಕ್ರಿಯೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಜೇಡಕ್ಕೆ ನಮ್ಮಂತೆ ಒಳಗೆ ಎಲುಬಿಲ್ಲ. ಹೊರಗಿನ ಗಟ್ಟಿ ಕವಚವೇ ಅದರ ಎಲುಬು. ಕವಚ ಬೆಳೆಯದ ಕಾರಣ, ಒಳಗೆ ಹೊಸದೊಂದು ಮೃದುವಾದ ಕವಚ ಮಡಿಕೆಮಡಿಕೆಯಾಗಿ ಸಿದ್ಧವಾದ ಮೇಲೆ ಹಳೆಯದನ್ನು ಕಳಚಬೇಕು. ಜೇಡ ಮೊದಲು ನೂಲಿನ ಹಾಸೊಂದನ್ನು ನೇಯ್ದು ಅದರ ಮೇಲೆ ಅಂಗಾತ ಮಲಗುತ್ತದೆ. ಹೊಟ್ಟೆಯ ಭಾಗದ ದ್ರವವನ್ನು ಮುಂಭಾಗಕ್ಕೆ ಒತ್ತಿ ತಳ್ಳಿದಾಗ ಎದೆಯ ಮೇಲಿನ ಕವಚ ಡಬ್ಬಿಯ ಮುಚ್ಚಳದಂತೆ ತೆರೆದುಕೊಳ್ಳುತ್ತದೆ. ಆಮೇಲೆ ಎಂಟು ಕಾಲುಗಳನ್ನೂ, ಬಾಯಿಯ ಎರಡು ಬದಿಯ ಮುಂಗೈಗಳನ್ನೂ ಕೈಗವಸಿನಿಂದ ಬೆರಳನ್ನು ಎಳೆದುಕೊಳ್ಳುವಂತೆ ನಿಧಾನವಾಗಿ ಎಳೆದುಕೊಳ್ಳಬೇಕು. ಇದಕ್ಕೆ ಹಲವು ಗಂಟೆಗಳು ಹಿಡಿಯುತ್ತವೆ. ಒಂದು ಕಾಲು ಸಿಕ್ಕಿಕೊಂಡರೂ ಪ್ರಾಣಾಪಾಯ. ಹೊರಬಂದ ಜೇಡದ ವಿಷದಂತಗಳು ಹಾಲಿನಂತೆ ಬಿಳುಪಾಗಿ, ಮೆತ್ತಗೆ ಇರುತ್ತವೆ. ದಿನಗಳು ಕಳೆದಂತೆ ಕೆಂಪಾಗಿ, ಬಳಿಕ ಕಪ್ಪಾಗಿ ಗಟ್ಟಿಯಾಗುತ್ತವೆ. ಅಲ್ಲಿಯವರೆಗೆ ಅದು ಏನನ್ನೂ ಕಚ್ಚಲಾರದು. ತಿನ್ನಲೆಂದು ಪೆಟ್ಟಿಗೆಯಲ್ಲಿ ಬಿಟ್ಟ ಚಿಮ್ಮಂಡೆಯೇ ಆಗ ಅದನ್ನು ಕಡಿದು ಕೊಲ್ಲಬಲ್ಲದು.

ಅಂಗಾತ ಬಿದ್ದ ಜೇಡವನ್ನು ಸತ್ತಿತೆಂದು ಕಸಕ್ಕೆ ಎಸೆದವರಿದ್ದಾರೆ. ವಾಸ್ತವವಾಗಿ ಸಾಯುವ ಜೇಡ ಸಾಮಾನ್ಯವಾಗಿ ಕವುಚಿಕೊಂಡೇ ಕಾಲುಗಳನ್ನು ಒಳಕ್ಕೆ ಮಡಿಸಿಕೊಳ್ಳುತ್ತದೆ. ಅದರ ಕಾಲು ಚಾಚಿಕೊಳ್ಳುವುದು ದ್ರವದ ಒತ್ತಡದಿಂದ, ಪ್ರಾಣ ಹೋದಾಗ ಒತ್ತಡ ಇಳಿದು ಕಾಲು ಮುದುಡುತ್ತದೆ. ಬಸದಿಯ ಮೂಲೆಗಳನ್ನು ಗುಡಿಸಿಸುವ ಟ್ರಸ್ಟಿನವರು ಈ ಒಂದು ವ್ಯತ್ಯಾಸವನ್ನು ಕೆಲಸದವರಿಗೆ ತಿಳಿಸಿಕೊಟ್ಟರೆ ಒಳ್ಳೆಯದು. ಟರಂಟುಲವಲ್ಲದ ಸಣ್ಣ ಜೇಡಗಳೂ ಬಲೆಯಲ್ಲಿ ತೂಗಿಕೊಂಡು ಪೊರೆ ಬಿಡುತ್ತವೆ. ಆ ಹೊತ್ತಿನಲ್ಲಿ ಪೊರಕೆ ತಗುಲಿದರೆ ಓಡಲು ಅವಕ್ಕೆ ಕಾಲೇ ಇರುವುದಿಲ್ಲ.

ಪ್ರವಚನಗಳಲ್ಲಿ ಆತ್ಮ ದೇಹವನ್ನು ತ್ಯಜಿಸುವುದಕ್ಕೆ ಹಾವಿನ ಪೊರೆಯ ಉಪಮಾನ ಬರುವುದುಂಟು. ಒಮ್ಮೆ ಕಣ್ಣಾರೆ ಕಂಡ ಮೇಲೆ ಈ ಉಪಮಾನ ನನಗೆ ಅಷ್ಟಾಗಿ ರುಚಿಸುತ್ತಿಲ್ಲ. ಪೊರೆ ಕಳಚಿದ ಜೀವಿ ಮೊದಲಿಗಿಂತ ದೊಡ್ಡದಾಗಿ, ಮೊದಲಿಗಿಂತ ಹಸಿದು ಹೊರಬರುತ್ತದೆ. ನಿರ್ಜರೆಯಲ್ಲಿ ಹಾಗಾಗುವುದಿಲ್ಲ.

ಉಳಿದ ಪೊರೆ ಇನ್ನೊಂದು ಜೇಡದಂತೆಯೇ ಕಾಣುತ್ತದೆ. ಅದನ್ನು ಓದಲು ಬರುತ್ತದೆಂದು ಮೊಮ್ಮಗ ಪುಸ್ತಕವೊಂದರಿಂದ ತಿಳಿದಿದ್ದ. ಒಣಗಿದ ಪೊರೆಯ ಹೊಟ್ಟೆಯ ಭಾಗ ಸುಕ್ಕಾಗಿ ಮುದ್ದೆಯಾಗಿರುತ್ತದೆ. ಅದನ್ನು ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಮೆತ್ತನೆಯ ಕುಂಚದಿಂದ ಬಿಡಿಸಿ, ಒಳಮೈ ಮೇಲೆ ಬರುವಂತೆ ಹರಡಬೇಕು. ನಾಲ್ಕು ಬಿಳಿಯ ಮಚ್ಚೆಗಳು ಕಾಣುತ್ತವೆ. ಅವು ಪುಸ್ತಕದ ಹಾಳೆಗಳಂತೆ ಮಡಿಕೆಗಳಿರುವ ಶ್ವಾಸಾಂಗಗಳ ಹೊದಿಕೆ, ಮುಂದೆ ಎರಡು, ಹಿಂದೆ ಎರಡು. ಮುಂದಿನ ಎರಡರ ನಡುವೆ ಅಡ್ಡಲಾಗಿ ಒಂದು ಸೀಳು. ಆ ಸೀಳಿನ ಒಳಬದಿಯಲ್ಲಿ ಪುಟ್ಟ ಚೀಲಗಳು ಎದ್ದು ನಿಂತಿದ್ದರೆ ಹೆಣ್ಣು, ಬರಿದಾಗಿದ್ದರೆ ಗಂಡು. ಗಂಡಿನ ವೀರ್ಯವನ್ನು ಹೆಣ್ಣು ಕೂಡಿಡುವ ಚೀಲ ಅದು. ಜಾತಿಯಿಂದ ಜಾತಿಗೆ ಅದರ ಆಕಾರ ಬೇರೆ, ಕೆಲವಲ್ಲಿ ಒಂದೇ ಹಾಳೆಯಂತೆ, ಕೆಲವಲ್ಲಿ ಜೋಡಿಯಾಗಿ. ಸೋಜಿಗವೆಂದರೆ ಈ ಚೀಲದ ಒಳಪದರವೂ ಪೊರೆಯೊಡನೆ ಕಳಚಿಹೋಗುತ್ತದೆ. ಕೂಡಿಟ್ಟದ್ದೂ ಅದರೊಡನೆ ಹೋಗುತ್ತದೆ.

ನಮ್ಮ ಕಾಲದ ಕಾಲೇಜುಗಳಲ್ಲಿ ಜಿರಲೆಯ ಲಿಂಗಾಂಗಗಳನ್ನು ನೋಡಲು ಅದನ್ನು ಮೇಣದ ತಟ್ಟೆಯ ಮೇಲೆ ಗುಂಡುಸೂಜಿಯಿಂದ ಚುಚ್ಚಿ ಕೊಯ್ಯುತ್ತಿದ್ದರು. ವಿಶ್ವವಿದ್ಯಾಲಯ ಅನುದಾನ ಆಯೋಗ 2014ರಲ್ಲಿ ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಈ ಪದ್ಧತಿಯನ್ನು ನಿಲ್ಲಿಸಿತು. ಇಲ್ಲಿ ಕತ್ತರಿಯಿಲ್ಲ. ಜೀವಿ ತಾನೇ ಬಿಟ್ಟುಹೋದ ನಿರ್ಜೀವ ವಸ್ತುವಿನಿಂದ ಅದರ ಅಂತರಂಗದ ಒಂದು ಸಂಗತಿ ತಿಳಿಯಿತು. ಅರಿಯುವ ಕ್ರಿಯೆಯಲ್ಲಿ ಹಿಂಸೆಯಿಲ್ಲ. ಆದರೆ ಅರಿತದ್ದು ಹಗುರವಾಗಿರಲಿಲ್ಲ.

ಮಸೂರದ ಕೆಳಗೆ ಚೀಲಗಳು ಸ್ಪಷ್ಟವಾಗಿದ್ದವು. ಹೆಣ್ಣು.

ಗಂಡಾಗಿದ್ದರೆ ಮಾತು ಬೇರೆಯಾಗುತ್ತಿತ್ತು. ಗಂಡು ಟರಂಟುಲ ಪ್ರೌಢವಾಗುವ ಪೊರೆ ಬಹುಮಟ್ಟಿಗೆ ಅದರ ಕೊನೆಯ ಪೊರೆ. ಮುಂಗೈಗಳ ತುದಿಯಲ್ಲಿ ಬುರುಡೆಯಂಥ ಅಂಗಗಳೂ, ಅನೇಕ ಜಾತಿಗಳಲ್ಲಿ ಮುಂಗಾಲುಗಳಲ್ಲಿ ಕೊಕ್ಕೆಗಳೂ ಮೂಡುತ್ತವೆ. ಆಮೇಲೆ ಅದು ಹೆಣ್ಣನ್ನರಸಿ ಅಲೆದು ಕೆಲವು ತಿಂಗಳಲ್ಲೋ, ಒಂದೆರಡು ವರ್ಷದಲ್ಲೋ ಮುಗಿಯುತ್ತದೆ. ಕ್ಯಾಲಿಫೋರ್ನಿಯಾದ ಮೌಂಟ್ ಡಯಾಬ್ಲೊ ಬೆಟ್ಟದಲ್ಲಿ ಶರತ್ಕಾಲ ಬಂದಾಗ ಹೀಗೆ ಅಲೆಯುವ ಗಂಡುಗಳನ್ನು ನೋಡಲು ಜನ ಹೋಗುತ್ತಾರೆ. ಹೆಣ್ಣಾದರೋ ಪ್ರೌಢವಾದ ಮೇಲೂ ಪೊರೆ ಬಿಡುತ್ತಲೇ 20 ವರ್ಷ, ಅದಕ್ಕೂ ಮೀರಿ ಬಾಳಬಲ್ಲದು. ಎಂದರೆ ಆ ಸೀಳಿನೊಳಗಿನ ಸಾಸಿವೆಗಿಂತ ಸಣ್ಣ ಚೀಲ ನನ್ನ ಮಗಳ ಸಂಸಾರಕ್ಕೆ ಇನ್ನೂ ಹತ್ತು ಹದಿನೈದು ವರ್ಷದ ಹೊಣೆಯನ್ನು ಹೊರಿಸಿತು. ಅಷ್ಟು ಕಾಲದ ಬಂಧನ, ಅಷ್ಟು ಕಾಲದ ಹುಳುಗಳು.

ಇಲ್ಲಿ ಹುಡುಗ ಕೇಳಿದ ಪ್ರಶ್ನೆಯೊಂದನ್ನು ಮರೆಮಾಚಲಾರೆ. “ಅಜ್ಜಾ, ವಿಕಲೇಂದ್ರಿಯ ಜೀವಿಗಳು ಸಮ್ಮೂರ್ಛನ ಜನ್ಮದವು, ಆದ್ದರಿಂದ ನಪುಂಸಕ ಎಂದು ಪಾಠಶಾಲೆಯಲ್ಲಿ ಹೇಳಿಕೊಟ್ಟರು. ಇದು ಹೆಣ್ಣು ಹೇಗಾಯಿತು?” ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಅಭಿಪ್ರಾಯವನ್ನು ಅವನು ಸರಿಯಾಗಿಯೇ ಹೇಳಿದ್ದ. ವೇದವೆಂಬುದು ಭಾವವೇದ, ದ್ರವ್ಯವೇದ ಎಂದು ಎರಡು ಬಗೆ. ಮೊದಲನೆಯದು ಮೋಹನೀಯದ ಉದಯದಿಂದ, ಎರಡನೆಯದು ನಾಮಕರ್ಮದ ಉದಯದಿಂದ. ಇವೆರಡೂ ಪ್ರಾಯಶಃ ಸಮಾನವೆಂದೂ ಕ್ವಚಿತ್ತಾಗಿ ಭಿನ್ನವೆಂದೂ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಹೇಳುತ್ತಾರೆ. ಈ ಭೇದವನ್ನು ಹಿಡಿದು, ಸೂತ್ರ ಹೇಳುವುದು ಜೀವದ ಭಾವವನ್ನು, ಮಸೂರ ತೋರುವುದು ಪುದ್ಗಲದ ರಚನೆಯನ್ನು ಎಂದು ಒಬ್ಬರು ವಾದಿಸಬಹುದು. ನನಗೆ ಅದು ಪೂರ್ತಿ ಸಾಲದು. ಮೊಟ್ಟೆ, ವೀರ್ಯ, ಅದನ್ನು ಕಾಯ್ದಿಡುವ ಚೀಲ ಇಷ್ಟೂ ಪ್ರತ್ಯಕ್ಷವಾಗಿರುವಾಗ ಸಮ್ಮೂರ್ಛನವೆಂಬ ಮಾತನ್ನು ಯಾವ ಅರ್ಥದಲ್ಲಿ ತೆಗೆದುಕೊಳ್ಳಬೇಕೆಂಬುದು ಉಳಿದೇ ಉಳಿಯುತ್ತದೆ. ಅನೇಕಾಂತವೆಂಬ ಹೊದಿಕೆಯಿಂದ ಹುಡುಗನ ಬಾಯಿ ಮುಚ್ಚಿಸುವುದಕ್ಕೆ ನನ್ನ ಸಮ್ಮತಿಯಿಲ್ಲ. ನಮ್ಮ ವಿದ್ವಾಂಸರು ಇದನ್ನು ಕೈಗೆತ್ತಿಕೊಂಡು ಈ ಪುಟಗಳಲ್ಲೇ ಬರೆಯಬೇಕೆಂದು ಪ್ರಾರ್ಥನೆ. ಪೆಟ್ಟಿಗೆಯೊಳಗಿನ ಜೀವಿಗೆ ನಾವು ಮಾಡಬೇಕಾದುದು ಅದರ ತೀರ್ಮಾನಕ್ಕಾಗಿ ಕಾಯುವಂತಿಲ್ಲ.

ಹೆಣ್ಣೆಂಬ ಸುದ್ದಿ ಹರಡಿದ ಒಂದು ವಾರದಲ್ಲಿ, ಅದೇ ಜಾತಿಯ ಗಂಡನ್ನು ಸಾಕಿರುವ ಹವ್ಯಾಸಿಯೊಬ್ಬರು ಇದನ್ನು ಕೂಡಿಸಲು ಕೊಂಡೊಯ್ಯುವುದಾಗಿ ಕೇಳಿದರು. ಒಂದು ಗೂಡಿನಲ್ಲಿ ನೂರಾರು ಮರಿಗಳು, ಅರ್ಧ ಪಾಲು ನಮಗೆ. ಕಾಡಿನಿಂದ ಹಿಡಿಯುವುದು ತಪ್ಪುತ್ತದೆಂಬ ಅವರ ವಾದ ತೀರ ಟೊಳ್ಳಲ್ಲ. ಕರ್ನಾಟಕದ ಗಡಿಗೆ ದೂರವಲ್ಲದ ಗುತ್ತಿಯ ಹೆಸರನ್ನು ಹೊತ್ತ ನೀಲಿ ಟರಂಟುಲದ ಕಥೆ ಇದಕ್ಕೆ ಸಾಕ್ಷಿ. 1899ರಲ್ಲಿ ಪೊಕಾಕ್ ಎಂಬ ವಿಜ್ಞಾನಿ ಅದನ್ನು ವರ್ಣಿಸಿದ. ನೂರು ವರ್ಷ ಯಾರಿಗೂ ಕಾಣದೆ 2001ರಲ್ಲಿ ಆಂಧ್ರದ ನಂದ್ಯಾಲ, ಗಿದ್ದಲೂರುಗಳ ನಡುವಿನ ಕಾಡಿನಲ್ಲಿ ಮತ್ತೆ ದೊರೆಯಿತು. 2008ರಲ್ಲಿ ಅತ್ಯಂತ ಅಪಾಯದಲ್ಲಿರುವ ಜೀವಿಯೆಂದು ಪಟ್ಟಿಯಾಯಿತು. ಅಷ್ಟರಲ್ಲಿ ಯುರೋಪು, ಅಮೆರಿಕೆಗಳ ಪೆಟ್ಟಿಗೆಗಳಲ್ಲಿ ಅದರ ಸಂತಾನ ಬೆಳೆಯುತ್ತಿತ್ತು. ಆ ಕುಲವೆಲ್ಲವನ್ನೂ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ತಂದದ್ದು 2019ರಲ್ಲಿ. ಆದರೂ ಮಗಳು ಹವ್ಯಾಸಿಗೆ ಒಪ್ಪಲಿಲ್ಲ. ಶ್ರಾವಕಾಚಾರಗಳು ಎಣಿಸುವ ಹದಿನೈದು ಖರಕರ್ಮಗಳಲ್ಲಿ ಅಸತೀಪೋಷ ಒಂದು, ಹಿಂಸ್ರಪ್ರಾಣಿಗಳನ್ನು ಸಾಕುವುದು ಅದರಲ್ಲಿ ಸೇರುತ್ತದೆ. ಒಂದನ್ನು ಅನಾಥವಾಗದಂತೆ ನೋಡುವುದು ಬೇರೆ, ನೂರನ್ನು ಹುಟ್ಟಿಸಿ ನೂರು ಪೆಟ್ಟಿಗೆಗಳಿಗೆ ಹಂಚುವುದು ಬೇರೆ.

ಬಿಟ್ಟುಬಿಡುವುದೂ ಸಾಧ್ಯವಿಲ್ಲ, ಅದರ ಊರು ಚಿಲಿ. ಬೇರೊಬ್ಬರಿಗೆ ಕೊಟ್ಟರೆ ಹುಳುಗಳ ಪೊಟ್ಟಣ ಬೇರೊಂದು ಮನೆಗೆ ಹೋಗುತ್ತದೆ, ಅಷ್ಟೆ. ಪ್ರೌಢ ಜೇಡಕ್ಕೆ ತಿಂಗಳಿಗೆ ಒಂದೆರಡು ಬಾರಿಯ ಆಹಾರ ಸಾಕೆಂದು ವಿಚಾರಿಸಿ ತಿಳಿದ ಮೇಲೆ ಮನೆಯವರೆಲ್ಲ ಕುಳಿತು ಒಂದು ಕ್ರಮ ಮಾಡಿಕೊಂಡರು. ಅಗತ್ಯವಿದ್ದಷ್ಟೇ ಹುಳು ತರುವುದು. ಅದು ತಿನ್ನುವುದನ್ನು ಯಾರೂ ನಿಂತು ನೋಡಬಾರದು, ಗೆಳೆಯರನ್ನು ಕರೆದು ತೋರಿಸಬಾರದು. ಪೊರೆಯ ಸಮಯದಲ್ಲಿ ಹುಳು ಹಾಕಬಾರದು, ನೀರಿನ ತಟ್ಟೆ ಮಾತ್ರ ಎಂದೂ ಬರಿದಾಗಬಾರದು. ಇದರ ಕಾಲ ಮುಗಿದ ಮೇಲೆ ಇನ್ನೊಂದನ್ನು ತರಬಾರದು.

ಪೊರೆಯನ್ನು ಹುಡುಗ ಒಣಗಿಸಿ ಒಂದು ಲಕೋಟೆಯಲ್ಲಿಟ್ಟು, ಮೇಲೆ ತಾರೀಖನ್ನೂ ‘ಹೆಣ್ಣು’ ಎಂಬ ಪದವನ್ನೂ ಕನ್ನಡದಲ್ಲೇ ಬರೆದಿದ್ದಾನೆ. ನಾಲ್ಕು ವರ್ಷಕ್ಕೆ ಅವನು ಕಾಲೇಜಿಗೆ ಮನೆ ಬಿಡುತ್ತಾನೆ. ಆದ್ದರಿಂದ ಅದರ ಕೆಳಗೆ ನೋಡಿಕೊಳ್ಳುವವರ ಮೂರು ಹೆಸರುಗಳನ್ನು ಅನುಕ್ರಮವಾಗಿ ಬರೆಯಲಾಗಿದೆ. ಮೊದಲನೆಯದು ಅವನದು, ಎರಡನೆಯದು ನನ್ನ ಮಗಳದು. ಮೂರನೆಯದು ಅವನ ತಂಗಿಯದು, ಅವಳಿಗೆ ಈಗ ಏಳು ವರ್ಷ.