ಮಾತ್ಸುಎಯ ಉಪಾಧ್ಯಾಯರು

1890ರ ಆಗಸ್ಟಿನಲ್ಲಿ ಲಾಫ್ಕಾಡಿಯೊ ಹರ್ನ್ ಅವರು ಜಪಾನಿನ ಮಾತ್ಸುಎ ಪಟ್ಟಣಕ್ಕೆ ಇಂಗ್ಲಿಷ್ ಉಪಾಧ್ಯಾಯರಾಗಿ ಬಂದರು. ನಸುಕಿನಲ್ಲಿ ಅವರನ್ನು ಎಬ್ಬಿಸುತ್ತಿದ್ದುದು ಅಕ್ಕಿ ಕುಟ್ಟುವ ಸದ್ದು. ಹಿಂದೆಯೇ ಉದಯಸೂರ್ಯನನ್ನು ವಂದಿಸುವವರ ಚಪ್ಪಾಳೆ, ಸೇತುವೆಯ ಮೇಲೆ ಮರದ ಪಾದುಕೆಗಳ ಟಕಟಕ. ಶಾಲೆಯ ಗಂಟೆಗಿಂತ ಇದೆಷ್ಟು ಸೊಗಸು!

ಒಂದು ಕಣ್ಣು ಕುರುಡು, ಇನ್ನೊಂದು ಮಂದ. ಹುಡುಗರ ಪ್ರಬಂಧಗಳನ್ನು ಮೂಗಿಗೆ ತಾಗುವಂತೆ ಹಿಡಿದು ತಿದ್ದುತ್ತಿದ್ದರು. ಮಡದಿ ಸೆತ್ಸು ಅವರಿಗೆ ಇಂಗ್ಲಿಷ್ ಬಾರದು, ಇವರಿಗೆ ಜಪಾನಿ ಅಷ್ಟಕ್ಕಷ್ಟೆ. ಮನೆಮಂದಿಗಷ್ಟೇ ತಿಳಿಯುವ ಮುರುಕು ನುಡಿಯಲ್ಲಿ ಸಂಸಾರ ನಡೆಯಿತು.

ಪರದೇಶದ ಪ್ರಜೆಯಾಗಿಯೇ ಉಳಿದರೆ ತಮ್ಮ ಬಳಿಕ ಹೆಂಡತಿ ಮಕ್ಕಳ ಗತಿಯೇನು? ಈ ಚಿಂತೆಯಿಂದ 1896ರಲ್ಲಿ ಮಡದಿಯ ಮನೆತನಕ್ಕೇ ಸೇರಿ, ಕೊಇಜುಮಿ ಯಕುಮೊ ಎಂಬ ಹೆಸರಿನಿಂದ ಜಪಾನಿನ ಪ್ರಜೆಯಾದರು. 1903ರಲ್ಲಿ ತೋಕಿಯೊ ವಿಶ್ವವಿದ್ಯಾಲಯದ ಕೆಲಸ ತಪ್ಪಿದಾಗ, ಅವರನ್ನು ಉಳಿಸಿಕೊಳ್ಳಬೇಕೆಂದು ವಿದ್ಯಾರ್ಥಿಗಳೇ ದನಿಯೆತ್ತಿದರು.